ಮುರಿಯದ ರೊಟ್ಟಿ

ವತ್ಸಲಾ ಕದ್ದು ತಿನ್ನಲಿಲ್ಲ. ಒಂದು ದಿನವೂ ತಿನ್ನಲಿಲ್ಲ. ಅವಳ ಬಾದಾಮಿ ಹಿಟ್ಟಿನ ರೊಟ್ಟಿಗೆ ಅಕ್ಕಿ ಹಿಟ್ಟು ಬೆರೆಸುತ್ತಿದ್ದವಳು ನಾನು. ಬೆರೆಸಿ, ತಟ್ಟಿ, ಬೇಯಿಸಿ, ಅವಳ ತಟ್ಟೆಗೆ ಬಡಿಸಿ, ಅವಳ ಸಕ್ಕರೆ ಏರಿದಾಗ ಮನೆಮಂದಿಯೆಲ್ಲ ಅವಳನ್ನು ಕಳ್ಳಿ ಎಂದಾಗ ಬಾಯಿ ಮುಚ್ಚಿಕೊಂಡು ನಿಂತವಳೂ ನಾನೇ. ಬಾಯಿ ಮುಚ್ಚಿಕೊಂಡು ಎಂದೆನೆ? ಅದೂ ಸುಳ್ಳು. ಒಂದು ಮಾತು ಆಡಿದ್ದೆ — ಅದನ್ನು ಮುಂದೆ ಹೇಳುತ್ತೇನೆ, ಹೇಳಲೇಬೇಕು.

ನಾನು ಬರೆಯಲು ಕೂತದ್ದು ಇದನ್ನಲ್ಲ. ಜಯನಗರದ ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರದೊಂದು ಗುಂಪಿದೆ. ಆ ಗುಂಪಿಗೊಂದು ಪುಟ್ಟ ಪತ್ರಿಕೆಯೂ ಇದೆ. ಅದನ್ನು ನೋಡಿಕೊಳ್ಳುವ ಪದ್ಮಾವತಿಯವರು ಹೋದ ವಾರ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತರು. "ಮೇಡಂ, ನೀವು ಕಾನ್ವೆಂಟಲ್ಲಿ ಓದಿದೋರು, ನಿಮ್ಮ ಬರವಣಿಗೆ ನೀಟಾಗಿರತ್ತೆ. ಈ ಲೋ ಕಾರ್ಬ್ ಡಯೆಟ್ ಬಗ್ಗೆ ಒಂದು ಆರ್ಟಿಕಲ್ ಬರ್ಕೊಡಿ. ನಮ್ಮೋರೆಲ್ಲ ಜೋರಾಗಿ ಶುರು ಮಾಡ್ತಾರೆ, ಒಂದು ಹಬ್ಬ ಬಂತು ಅಂದ್ರೆ ಢಮಾರ್. ಬಿದ್ಮೇಲೆ ಮತ್ತೆ ಮೋಟಿವೇಷನ್ ತಂದ್ಕೊಳೋದು ಹೇಗೆ ಅಂತ" ಎಂದರು. ಆಮೇಲೆ ದನಿ ತಗ್ಗಿಸಿ, "ಬೇಕಾದ್ರೆ ನಿಮ್ಮ ಓರಗಿತ್ತಿ ಎಕ್ಸಾಂಪಲ್ ಕೊಡಿ. ಹೆಸರು ಹಾಕ್ಬೇಡಿ ಪಾಪ. ವಿಲ್ ಪವರ್ ಇಲ್ದಿದ್ರೆ ಏನಾಗತ್ತೆ ಅನ್ನೋದಕ್ಕೆ" ಎಂದು ನಕ್ಕರು.

ಆ ನಗುವಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ವಿಲ್ ಪವರ್! ಈಗ ಎಲ್ಲರ ಬಾಯಲ್ಲೂ ಅದೇ. ಡಾಕ್ಟರ ಬಾಯಲ್ಲಿ ಅದು, ನಂಟರ ಬಾಯಲ್ಲಿ ಅದು, ಬೆಳಗಾದರೆ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಕೆಳಗೆ ಅದೇ. ತಿನ್ನುವವಳ ನಾಲಿಗೆಯ ಮೇಲೆ ಊರಿಗೆ ಊರೇ ಕಣ್ಣಿಡುತ್ತದೆ. ಕಲಸುವವಳ ಕೈಯನ್ನು ಮಾತ್ರ ಒಬ್ಬರೂ ನೋಡುವುದಿಲ್ಲ. ಪದ್ಮಾವತಿಯವರ ಮೇಲೆ ಸಿಡಿದುಬೀಳಬೇಕೆಂದು ಬಾಯಿ ತೆರೆದೆ — ಮತ್ತೆ ಮುಚ್ಚಿದೆ. ಅವರಿಗೆ ಆ ಮಾತನ್ನು ಕಲಿಸಿಕೊಟ್ಟವರು ಯಾರು? ನಮ್ಮ ಮನೆಯವರು. ನಮ್ಮ ಮನೆಯವರಿಗೆ?

ವತ್ಸಲಾ ನನ್ನ ಮೈದುನನ ಹೆಂಡತಿ. ಮೈದುನ ಚಿಕ್ಕ ವಯಸ್ಸಿನಲ್ಲೇ ಹೋದ. ಅವಳು ಟೆಲಿಫೋನ್ ಇಲಾಖೆಯ ಕೆಲಸ ಮಾಡಿಕೊಂಡು, ಯಾರ ಮುಂದೆಯೂ ಕೈ ಚಾಚದೆ, ನಮ್ಮ ಮನೆಯ ಮಹಡಿಯಲ್ಲೇ ಉಳಿದಳು. ಮಲಗುವುದು ಮೇಲೆ, ಊಟ ತಿಂಡಿ ಎಲ್ಲ ಕೆಳಗೆ ನಮ್ಮ ಜೊತೆ. ಅಡುಗೆಮನೆ ಒಂದೇ — ಅದು ನನ್ನದು.

ಅವಳ ಹತ್ತಿರ ಒಂದು ಸ್ಕೂಟರ್ ಇತ್ತು, ಕೆನೆ ಬಣ್ಣದ್ದು. ಅರವತ್ತು ದಾಟಿದ ಹೆಂಗಸು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅದರ ಮೇಲೆ ಕೂತು ಹೊರಟರೆ ರಸ್ತೆಯ ಹುಡುಗರು "ಸಖತ್ ಆಂಟಿ!" ಎಂದು ಕೂಗುತ್ತಿದ್ದರು. ಹಿಂದೆ ಒಂದು ಪಕ್ಕಕ್ಕೆ ಕಾಲು ಹಾಕಿ, ತರಕಾರಿ ಚೀಲ ಅಪ್ಪಿಕೊಂಡು ನಾನು. ಹೂವಿಗೆ ಗಾಂಧಿಬಜಾರ್, ಮಂಗಳವಾರ ಬನಶಂಕರಿ ಗುಡಿ, ಸುಮ್ಮನೆ ಗಾಳಿ ಕುಡಿಯಬೇಕೆನಿಸಿದರೆ ವಸಂತಪುರದ ಕಡೆ. ನನಗೆ ಇಂಗ್ಲಿಷ್ ಬರುತ್ತಿತ್ತು, ಅವಳಿಗೆ ರಸ್ತೆ ಬರುತ್ತಿತ್ತು. ಹೊರಗಿನ ಪ್ರಪಂಚವನ್ನು ನಾನು ನೋಡಿದ್ದೆಲ್ಲ ಅವಳ ಬೆನ್ನ ಹಿಂದಿನಿಂದ. ಅದಕ್ಕೆ ಕೃತಜ್ಞಳಾಗಿದ್ದೆನೆ? ಇದ್ದೆ ಅಂದುಕೊಂಡಿದ್ದೆ.

ಆಮೇಲೆ ಅವಳ ಕಣ್ಣು ಮಂಜಾಗತೊಡಗಿತು. ಎದುರು ಬರುವ ಗಾಡಿಯ ದೀಪ ಹೂವಿನ ಹಾಗೆ ಅರಳಿ ಹರಡುತ್ತದೆ ಅನ್ನುತ್ತಿದ್ದಳು. ಒಂದು ಸಂಜೆ ನನ್ನನ್ನು ಹಿಂದೆ ಕೂರಿಸಿಕೊಂಡು ಬರುವಾಗ ಡಿವೈಡರಿಗೆ ಚಕ್ರ ತಗುಲಿತು. ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದವಳೇ ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು. ಆದರೆ ಸಕ್ಕರೆ ಕಾಯಿಲೆ ಮಿತಿಮೀರಿತ್ತು. "ಮೊದಲು ಶುಗರ್ ಇಳಿಸ್ಕೊಂಡು ಬನ್ನಿ. ಇಳೀದೆ ನಾನು ಕಣ್ಣು ಮುಟ್ಟಲ್ಲ. ಹೀಗೇ ಬಿಟ್ರೆ ಕಣ್ಣಿನ ಹಿಂದಿನ ಪರದೇನೂ ಕೆಡತ್ತೆ, ಅದು ಕೆಟ್ರೆ ಪೊರೆ ತೆಗೆದೂ ಪ್ರಯೋಜನ ಇಲ್ಲ" ಎಂದರು.

ಮಾರನೆಯ ದಿನವೇ ವತ್ಸಲಾ ಅನ್ನ ಬಿಟ್ಟಳು. ಅನ್ನ, ಅವಲಕ್ಕಿ, ರವೆ, ಆಲೂಗಡ್ಡೆ, ಬೆಲ್ಲ — ಎಲ್ಲ. ಅದಕ್ಕೆ ಲೋ ಕಾರ್ಬ್ ಅನ್ನುತ್ತಾರೆಂದು ಸಕ್ಕರೆ ಕಾಯಿಲೆಯ ಡಾಕ್ಟರು ಹೇಳಿಕೊಟ್ಟಿದ್ದರು. ನಮ್ಮವರು — ನನ್ನ ಗಂಡ — ಊಟಕ್ಕೆ ಕೂತಾಗ ರೇಗಿಸಿದರು: "ಅನ್ನ ಬಿಟ್ಟು ಬದುಕೋಕಾಗತ್ತೇನಮ್ಮಾ? ನಮ್ಮಜ್ಜಿ ಸಾಯೋವರೆಗೂ ಮೂರು ಹೊತ್ತು ಅನ್ನ ತಿಂದ್ಕೊಂಡು ಗುಂಡುಕಲ್ಲಿನ ಹಾಗಿದ್ರು."

"ನಿಮ್ಮಜ್ಜಿ ಸ್ಕೂಟರ್ ಓಡಿಸ್ಬೇಕಿರ್ಲಿಲ್ಲ, ಭಾವ" ಎಂದಳು ಅವಳು.

ಅವರು ನಕ್ಕರು. ನಾನು ನಗಲಿಲ್ಲ. ಯಾಕೆ ಎಂದು ಹೇಳಬೇಕು. ನಮ್ಮ ಮನೆಯಲ್ಲಿ ಬಡಿಸುವುದಕ್ಕೆ ಒಂದು ಕ್ರಮವಿತ್ತು, ಅತ್ತೆಯವರು ಕಲಿಸಿದ್ದು. ಉಣ್ಣುವವರು ಒಂದು ಸಲ ಸಾಕು ಎಂದರೆ ಅದು ಸಾಕಲ್ಲ. ಮೂರು ಸಲ ಉಪಚಾರ ಮಾಡಬೇಕು, ಬೇಡ ಬೇಡ ಅನ್ನುತ್ತಿದ್ದರೂ ಒಂದು ಸೌಟು ಬೀಳಬೇಕು. ಹಾಗೆ ಬಡಿಸದವಳು ಜಿಪುಣಿ, ಹಾಗೆ ಬಡಿಸಿಕೊಳ್ಳದವನು ಮುನಿಸಿಕೊಂಡವನು. ಆ ದಿನ ನಾನು ಅನ್ನದ ಕೈ ಚಾಚಿದಾಗ ವತ್ಸಲಾ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು. "ಬೇಡ ಅಕ್ಕಾ." ಎರಡನೆಯ ಸಲವೂ ಅಂಗೈ. ಮೂರನೆಯ ಸಲವೂ. ಅನ್ನದ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ನನಗೆ — ಹೇಗೆ ಹೇಳಲಿ — ಯಾರೋ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಯಿತು. ಇಷ್ಟು ವರ್ಷ ಅವಳಿಗೆ ನಾನು ಕೊಟ್ಟದ್ದು ಅದೊಂದೇ ಅಲ್ಲವೆ, ಒಂದು ತಟ್ಟೆ ಅನ್ನ? ಅದೂ ಬೇಡವೆಂದರೆ ಅವಳಿಗೆ ನಾನು ಯಾತಕ್ಕೆ ಬೇಕು?

ಸಿಟ್ಟು ಬಂತು. ಅದನ್ನು ನುಂಗಿಕೊಂಡೆ. ನುಂಗಿದ್ದು ಎಲ್ಲಿಗೂ ಹೋಗಲಿಲ್ಲ.

ಅನ್ನದ ಬದಲು ಬಾದಾಮಿ ಹಿಟ್ಟಿನ ರೊಟ್ಟಿ ಎಂದು ತೀರ್ಮಾನವಾಯಿತು. ಅದನ್ನು ತಟ್ಟಿಕೊಡುವುದು ನನ್ನ ಪಾಲಿಗೆ. ನನ್ನ ಅಕ್ಕಿರೊಟ್ಟಿಯ ವಿಷಯ ಹೇಳಿಕೊಂಡರೆ ಜಂಬವಾದೀತು, ಆದರೂ ಹೇಳುತ್ತೇನೆ, ಯಾಕೆಂದರೆ ಎಲ್ಲ ಕೆಟ್ಟದ್ದು ಆ ಜಂಬದಿಂದಲೇ. ಸಬ್ಬಸಿಗೆ ಸೊಪ್ಪು, ತೆಂಗಿನ ತುರಿ, ಜೀರಿಗೆ ಹಾಕಿ, ಬಿಸಿನೀರಿನಲ್ಲಿ ಉಕ್ಕರಿಸಿದ ಹಿಟ್ಟನ್ನು ಬಾಳೆಲೆಯ ಮೇಲೆ ತಟ್ಟಿದರೆ ಎಲೆಯ ನರ ಕೂಡ ಆಚೆಯಿಂದ ಕಾಣಬೇಕು — ಅಷ್ಟು ತೆಳ್ಳಗೆ. ಎತ್ತಿ ಕಾವಲಿಗೆ ಹಾಕುವಾಗ ಒಂದು ಅಂಚೂ ಹರಿಯಬಾರದು. ಮದುವೆಯಾಗಿ ಬಂದ ಕಾನ್ವೆಂಟ್ ಹುಡುಗಿಗೆ ಅಡುಗೆ ಎಲ್ಲಿ ಬರುತ್ತದೆ ಎಂದು ಮೂತಿ ತಿರುವಿದವರೆಲ್ಲ ಆ ರೊಟ್ಟಿ ತಿಂದು ಬಾಯಿ ಮುಚ್ಚಿದ್ದರು.

ಬಾದಾಮಿ ಹಿಟ್ಟಿಗೆ ಜಿಗುಟಿಲ್ಲ. ತಟ್ಟಿದರೆ ಬಿರಿಯುತ್ತದೆ, ಎತ್ತಿದರೆ ಮುರಿಯುತ್ತದೆ, ಕಾವಲಿಯ ಮೇಲೆ ಮರಳಿನ ಹಾಗೆ ಉದುರುತ್ತದೆ. ನಾಲ್ಕು ಚೂರು, ಒಂದಿಷ್ಟು ಪುಡಿ — ಅದನ್ನೇ ಅವಳ ತಟ್ಟೆಗೆ ಸುರಿದು ಕೊಡುತ್ತಿದ್ದೆ. ಅವಳು ಚಮಚದಲ್ಲಿ ತಿನ್ನುತ್ತಿದ್ದಳು. "ಹಲ್ಲಿಗೆ ಕೆಲಸ ಕಡಿಮೆ ಅಕ್ಕಾ, ಒಳ್ಳೇದೇ ಆಯ್ತು" ಎಂದು ನಗುತ್ತಿದ್ದಳು. ಮತ್ತು ಸಕ್ಕರೆ ಇಳಿಯಿತು. ಇಳಿಯಿತು ಎಂಬುದನ್ನು ಗೆರೆ ಎಳೆದು ಬರೆಯಬೇಕು. ಆ ಮುರಿದ ರೊಟ್ಟಿ ತಿಂದಷ್ಟು ದಿನ, ಬೆರಳು ಚುಚ್ಚಿ ನೋಡಿಕೊಂಡಾಗಲೆಲ್ಲ ಅದು ಇಳಿಯುತ್ತಲೇ ಇತ್ತು. ಅವಳು ಮಹಡಿಯಿಂದಲೇ ಕೂಗುತ್ತಿದ್ದಳು: "ಅಕ್ಕಾ, ಇವತ್ತು ಇನ್ನೂ ಕಮ್ಮಿ! ರೆಡಿಯಾಗಿರಿ, ಕಣ್ಣು ಬಂದ ತಕ್ಷಣ ನಿಮ್ಮನ್ನ ಅಂಜನಾಪುರದ ತನಕ ಕರ್ಕೊಂಡ್ಹೋಗ್ತೀನಿ." ಅಂಜನಾಪುರದಲ್ಲಿ ನಮಗೆ ಯಾರೂ ಇರಲಿಲ್ಲ. ರಸ್ತೆ ದೂರವಿದೆ ಎಂಬುದೊಂದೇ ಕಾರಣ.

ಹಾಗಿರುವಾಗ ಒಂದು ಭಾನುವಾರ ನನ್ನ ನಾದಿನಿ ಸುಮಿತ್ರಾ ಬಿ.ಟಿ.ಎಂ. ಲೇಔಟಿನಿಂದ ಬಂದಳು. ವತ್ಸಲಾಳ ತಟ್ಟೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಏನತ್ತಿಗೆ ಇದು! ನಿಮ್ಮ ಕೈಲೂ ರೊಟ್ಟಿ ಉದುರತ್ತಾ? ನಾಯಿಗೆ ಹಾಕೋ ಹಾಗಿದೆ!"

ತಮಾಷೆಯ ಮಾತು. ವತ್ಸಲಾ ಕೂಡ ನಕ್ಕಳು. ಮಾರನೆಯ ಬೆಳಿಗ್ಗೆ ನಾನು ಬಾದಾಮಿ ಹಿಟ್ಟಿಗೆ ಒಂದು ಹಿಡಿ ಉಕ್ಕರಿಸಿದ ಅಕ್ಕಿ ಹಿಟ್ಟು ಸೇರಿಸಿದೆ.

ಒಂದು ಹಿಡಿ, ಏನು ಮಹಾ — ಎಂದುಕೊಂಡೆ. ರೊಟ್ಟಿ ಹಾಗೇ ಎದ್ದು ಬಂತು. ಒಂದೇ ಒಂದು ಬಿರುಕು, ಅದೂ ಅಂಚಿನಲ್ಲಿ. ವತ್ಸಲಾ ಅದನ್ನು ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ನೋಡಿದಳು. "ಅಯ್ಯೋ, ಮುರೀಲೇ ಇಲ್ಲ! ಹೇಗೆ ಮಾಡಿದ್ರಿ ಅಕ್ಕಾ?" "ಕೈಗೆ ಹದ ಸಿಕ್ತು" ಎಂದೆ. ಮೊದಲನೆಯ ಸುಳ್ಳು, ಎಷ್ಟು ಸಲೀಸಾಗಿ ಬಂತು! ಮರುದಿನ ಎರಡು ಹಿಡಿ. ಆಮೇಲೆ ಅರ್ಧಕ್ಕರ್ಧ. ಕೊನೆಗೆ ಬಾದಾಮಿ ಹಿಟ್ಟು ಬರೀ ಹೆಸರಿಗೆ. ರೊಟ್ಟಿ ಗಾಳಿಪಟದ ಕಾಗದದ ಹಾಗೆ ತೆಳ್ಳಗೆ ಬರುತ್ತಿತ್ತು. ಅವಳು ಹೊಗಳುತ್ತಿದ್ದಳು, ನಾನು ಇನ್ನೊಂದು ಹಾಕುತ್ತಿದ್ದೆ. ಈಗ ಅವಳು ತಟ್ಟೆಗೆ ಅಂಗೈ ಅಡ್ಡ ಹಿಡಿಯುತ್ತಿರಲಿಲ್ಲ — ಇದು ನನಗೆ ಎಷ್ಟು ಹಿತವಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ.

ಸಕ್ಕರೆ ಏರಿತು.

ಏರಿದ ದಿನವೇ ನನಗೆ ಗೊತ್ತಾಯಿತು. ನಾನೇನು ಅಕ್ಷರ ಗೊತ್ತಿಲ್ಲದವಳೆ? ಅಕ್ಕಿ ಹೊಟ್ಟೆಗೆ ಹೋಗಿ ಏನಾಗುತ್ತದೆಂದು ಡಾಕ್ಟರು ನನ್ನ ಎದುರಿಗೇ ಹೇಳಿದ್ದರು. ನಿಲ್ಲಿಸಬಹುದಿತ್ತು. ನಾಳೆಯಿಂದ ಮತ್ತೆ ಮುರಿದ ರೊಟ್ಟಿ ಕೊಟ್ಟರೆ "ಯಾಕಕ್ಕಾ ಹದ ತಪ್ತು?" ಎಂದು ಕೇಳುತ್ತಾಳೆ, ಏನು ಹೇಳಲಿ? ಈ ಒಂದು ಪ್ರಶ್ನೆಗೆ ಹೆದರಿ — ಕೇಳಿ, ಇಷ್ಟೇ ಇಷ್ಟು ಅಲ್ಪ ಹೆದರಿಕೆಗೆ — ಮತ್ತೆ ಅದೇ ಹಿಟ್ಟು ಕಲಸಿದೆ.

ಮನೆಯಲ್ಲಿ ಗುಸುಗುಸು ಶುರುವಾಯಿತು. ನಮ್ಮವರು ಫ್ರಿಜ್ಜಿನ ಬಾಗಿಲು ತೆಗೆದಾಗೆಲ್ಲ "ಇಲ್ಲಿದ್ದ ಒಬ್ಬಟ್ಟು ಯಾರ ಹೊಟ್ಟೆಗೆ ಹೋಯ್ತೋ" ಎಂದು ಹಾಡಿನ ಹಾಗೆ ಎಳೆಯುತ್ತಿದ್ದರು. ಸುಮಿತ್ರಾ ಫೋನಿನಲ್ಲಿ, "ಬಾಯಿ ಚಪಲ ಅತ್ತಿಗೆ. ವಿಧವೆ ಹೆಂಗಸು, ಇನ್ನೇನಿದೆ ಪಾಪ ಅವಳಿಗೆ ಸುಖ" ಎಂದಳು. ಆ ಮಾತಿಗೆ ನಾನು ಫೋನು ಕುಕ್ಕಬೇಕಿತ್ತು. "ಹೂಂ" ಎಂದೆ. ಇವತ್ತು ಸುಮಿತ್ರಾಳ ಮೇಲೆ ನನಗೆ ಬರುವ ಸಿಟ್ಟನ್ನು ಅಳೆಯಲಾರೆ — ಆದರೆ ಅವಳು ತಿಳಿಯದೆ ಆಡಿದಳು. ನಾನು ತಿಳಿದೂ "ಹೂಂ" ಎಂದೆ. ಯಾರ ಮೇಲೆ ಸಿಟ್ಟು ಮಾಡಿಕೊಂಡು ಹೊರಟರೂ ದಾರಿ ಸುತ್ತಿ ಸುತ್ತಿ ನಮ್ಮ ಅಡುಗೆಮನೆಗೇ ಬಂದು ನಿಲ್ಲುತ್ತದೆ.

ಈಗ ಆ ಮಾತು.

ಮೂರು ತಿಂಗಳ ಸರಾಸರಿ ತೋರಿಸುವ ಟೆಸ್ಟಿನ ರಿಪೋರ್ಟ್ ತೆಗೆದುಕೊಂಡು ಸಕ್ಕರೆ ಡಾಕ್ಟರ ಹತ್ತಿರ ಹೋದೆವು. ನಾವಿಬ್ಬರೇ, ಆಟೋದಲ್ಲಿ. ಡಾಕ್ಟರು ಕಾಗದ ನೋಡಿದರು, ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಏನಮ್ಮಾ, ಮೊದಲಿಗಿಂತ ಜಾಸ್ತಿ ಆಗಿದೆಯಲ್ಲ. ರಿಪೋರ್ಟ್ ಸುಳ್ಳು ಹೇಳಲ್ಲ. ಕದ್ದು ತಿಂತಿದೀರಾ?"

ಮೂವತ್ತು ವರ್ಷ ಕೆಲಸ ಮಾಡಿ ಪೆನ್ಷನ್ ತಗೊಂಡ ಹೆಂಗಸನ್ನು, ಮಗುವನ್ನು ಗದರಿಸುವ ಹಾಗೆ! ವತ್ಸಲಾಳ ಮುಖ ಕೆಂಪಾಯಿತು. ಆದರೆ ಹೆದರಲಿಲ್ಲ. ಹೆದರುವ ಕಾರಣವಿರಲಿಲ್ಲ — ಸಾಕ್ಷಿ ಪಕ್ಕದ ಕುರ್ಚಿಯಲ್ಲೇ ಕೂತಿತ್ತು. "ಅಕ್ಕನ್ನ ಕೇಳಿ ಡಾಕ್ಟ್ರೇ. ನನ್ನ ಬಾಯಿಗೆ ಏನು ಹೋಗತ್ತೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು" ಎಂದು ನನ್ನ ಕಡೆ ತಿರುಗಿದಳು.

ಡಾಕ್ಟರೂ ತಿರುಗಿದರು. ಆಮೇಲೆ ನನ್ನ ಬಾಯಿಂದ ಬಂದ ಮಾತು ಇದು. ಒಂದಕ್ಷರ ಆಚೆ ಈಚೆ ಮಾಡದೆ ಬರೆಯುತ್ತೇನೆ:

"ಮಧ್ಯಾಹ್ನ ನಾನು ಮಲಗಿರ್ತೀನಿ ಡಾಕ್ಟ್ರೇ. ಆಗಿಂದು ನಂಗೊತ್ತಿಲ್ಲ."

ಅಷ್ಟೇ. ಅದರಲ್ಲಿ ಸುಳ್ಳಿಲ್ಲ ನೋಡಿ. ಮಧ್ಯಾಹ್ನ ನಾನು ಮಲಗುವುದು ನಿಜ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಸುಳ್ಳು ಹೇಳಬಾರದೆಂದು ಕಲಿಸಿದ್ದರು. ನಿಜವನ್ನೇ ಇಷ್ಟು ಹೊಲಸಾಗಿ ಬಳಸಬಹುದೆಂದು ನಾನಾಗಿ ಕಲಿತೆ. ಡಾಕ್ಟರು ತಲೆಯಾಡಿಸಿ, ಗುಳಿಗೆ ಜಾಸ್ತಿ ಬರೆದು, "ಸ್ವಲ್ಪ ವಿಲ್ ಪವರ್ ಬೇಕಮ್ಮಾ" ಎಂದರು. ಕಣ್ಣಿನ ಆಪರೇಷನ್ ಮುಂದಕ್ಕೆ ಹೋಯಿತು.

ಆಟೋ ಮನೆ ಹತ್ತಿರ ಬಂದಾಗ, "ನೀವು ಹೇಳಿದ್ದು ಸರೀನೇ ಬಿಡಿ ಅಕ್ಕಾ. ಮಲಗಿದ್ದೋರಿಗೆ ಹೇಗೆ ಗೊತ್ತಾಗತ್ತೆ" ಎಂದಳು.

ಮಾರನೆಯ ದಿನ ಮಧ್ಯಾಹ್ನ ನಾನು ಮಲಗಲು ಹೋದಾಗ ಅವಳು ಮಹಡಿಯಿಂದ ಚಾಪೆ ದಿಂಬು ಹೊತ್ತುಕೊಂಡು ಬಂದು ನನ್ನ ಮಂಚದ ಪಕ್ಕ ನೆಲದ ಮೇಲೆ ಹಾಸಿಕೊಂಡಳು. "ಇಲ್ಲೇ ಬಿದ್ದಿರ್ತೀನಿ ಅಕ್ಕಾ. ಆಗ ನಿಮಗೂ ಗೊತ್ತಿರತ್ತೆ." ಅವಳಿಗೆ ಹಗಲು ನಿದ್ದೆ ಬರುತ್ತಿರಲಿಲ್ಲ. ನಾನು ಏಳುವವರೆಗೂ ಕಣ್ಣು ತೆರೆದುಕೊಂಡು ಫ್ಯಾನು ನೋಡುತ್ತಾ ಮಲಗಿರುತ್ತಿದ್ದಳು — ದಿನಾ. ಅವಳ ನಿರಪರಾಧಿತ್ವಕ್ಕೆ ಸಾಕ್ಷಿಯಾಗಿ ಅವಳು ಆರಿಸಿಕೊಂಡದ್ದು ನನ್ನನ್ನು. ನಾನೂ ಗೋಡೆಗೆ ಮುಖ ಮಾಡಿ ನಿದ್ದೆ ಮಾಡುವವಳ ಹಾಗೆ ಉಸಿರಾಡುತ್ತಿದ್ದೆ.

ನೀವು ಈಗ ಹೇಳಿ, ವಿಲ್ ಪವರ್ ಎಂದರೆ ಇನ್ನು ಹೇಗಿರುತ್ತದೆ? ಅವಳು ಬಿದ್ದ ಮೇಲೆ ಏಳಲಿಲ್ಲವೆಂದು ಯಾರು ಹೇಳಿದವರು? ಪ್ರತಿ ಸೋಮವಾರ ಹೊಸದಾಗಿ ಶುರು ಮಾಡಿದಳು. "ಹೋದ ವಾರದ್ದು ಮರೆತ್ಬಿಡೋಣ ಅಕ್ಕಾ, ಇವತ್ತಿಂದ ಫ್ರೆಶ್ಶು." ಮಂಜುಗಣ್ಣಿನಲ್ಲೇ ಪಾರ್ಕಿಗೆ ಹೋಗಿ, ರೇಲಿಂಗ್ ಹಿಡಿದುಕೊಂಡು ಸುತ್ತು ಹಾಕಿದಳು. ಸಕ್ಕರೆ ಇಳಿಯದಿದ್ದಾಗ ಬೇರೆ ಏನೋ ತಪ್ಪಿರಬೇಕೆಂದು ಹಾಲು ಬಿಟ್ಟಳು. ಕ್ಯಾರೆಟ್ ಬಿಟ್ಟಳು. ಹುಳಿಯಲ್ಲಿ ಬೇಳೆ ಇದೆಯೆಂದು ಅದನ್ನೂ ಬಿಟ್ಟಳು. ಒಂದೊಂದೇ ಬಿಡುತ್ತಾ ಬಂದು, ಕೊನೆಗೆ, "ರೊಟ್ಟಿ ಒಂದೇ ಸೇಫ್ ಅಕ್ಕಾ, ಅದನ್ನೇ ಇನ್ನೊಂದು ಕೊಡಿ" ಎಂದಳು.

ಕೊಟ್ಟೆ. ನಾನು ಇನ್ನೊಂದು ಕೊಟ್ಟೆ.

ಇಲ್ಲಿ ನಿಲ್ಲಿಸಿ ಯೋಚಿಸಿದ್ದೇನೆ, ಎಷ್ಟೋ ಸಲ. ಯಾಕೆ? ರೊಟ್ಟಿಯ ಜಂಬವೊಂದೇ ಆಗಿದ್ದರೆ ಆ ದಿನ ಕೈ ತಡೆಯಬೇಕಿತ್ತು. ಇನ್ನೂ ಏನೋ ಇತ್ತು. ಅವಳು ಸ್ಕೂಟರ್ ಬಿಟ್ಟ ಮೇಲೆ ಇಡೀ ದಿನ ಮನೆಯಲ್ಲಿರುತ್ತಿದ್ದಳು. ಸಂಜೆ ಜಗಲಿಯಲ್ಲಿ ಕೂತು ನಾನು ಪೇಪರ್ ಓದಿ ಹೇಳುತ್ತಿದ್ದೆ, ಅವಳು ಕೇಳುತ್ತಿದ್ದಳು. ಅಷ್ಟು ವರ್ಷ ಅವಳ ಬೆನ್ನ ಹಿಂದೆ ಕೂತವಳಿಗೆ ಮೊದಲ ಸಲ ಅವಳು ನನ್ನ ತೋಳು ಹಿಡಿದು ಮೆಟ್ಟಿಲಿಳಿಯುವುದು... ಅದು ನನಗೆ ಬೇಕಾಗಿತ್ತೆ? ಹೌದು ಎಂದು ಬರೆಯಲು ಕೈ ಬರುವುದಿಲ್ಲ. ಅಲ್ಲ ಎಂದು ಬರೆದರೆ ಅದನ್ನು ನಾನೇ ನಂಬುವುದಿಲ್ಲ.

ಯುಗಾದಿಯ ದಿನ ಅವಳು ಸೋತಳು. ಎಲೆಯ ಮುಂದೆ ಕೂತು, ನಾನು ರೊಟ್ಟಿ ಹಿಡಿದುಕೊಂಡು ಬಂದಾಗ ತಲೆಯಾಡಿಸಿದಳು. "ಅನ್ನ ಬಡಿಸಿ ಅಕ್ಕಾ. ತಿಂದ್ರೂ ಅಷ್ಟೇ, ತಿನ್ನದಿದ್ರೂ ಅಷ್ಟೇ. ನನ್ನ ಮೈ ನನ್ನ ಮಾತು ಕೇಳಲ್ಲ." ಅಳಲಿಲ್ಲ. ಹಾಗೆ ಹೇಳುವಾಗ ಅವಳ ದನಿಯಲ್ಲಿ ಬೇಸರ ಕೂಡ ಇರಲಿಲ್ಲ. ಬೇರೆ ಯಾರದೋ ವಿಷಯ ಹೇಳುವವಳ ಹಾಗಿತ್ತು. ನಮ್ಮವರು "ಅಬ್ಬಾ, ದಾರಿಗೆ ಬಂದ್ಳು!" ಎಂದರು. ನಾನು ಅನ್ನ ಬಡಿಸಿ, ತೊವ್ವೆ ಹಾಕಿ, ಮೇಲೆ ತುಪ್ಪ ಹುಯ್ದೆ. ಮನಸ್ಸಿಗೆ ಹಗುರವಾಯಿತು. ನಿಜ ಹೇಳುತ್ತೇನೆ, ಆ ದಿನ ನನಗೆ ಹಗುರವಾಯಿತು: ಇನ್ನು ಮೇಲೆ ಹಿಟ್ಟು ಬೆರೆಸಬೇಕಾಗಿಲ್ಲ, ಇನ್ನು ಮೇಲೆ ನಾನು ತಪ್ಪಿತಸ್ಥೆಯಲ್ಲ.

ಸ್ಕೂಟರ್ ಆ ವರ್ಷವೇ ಸುದ್ದಗುಂಟೆಪಾಳ್ಯದ ಯಾರಿಗೋ ಹೋಯಿತು. ಬೀಗದ ಕೈ ಇದ್ದ ಮೊಳೆಗೆ ನಾನು ಕ್ಯಾಲೆಂಡರ್ ಹಾಕಿದೆ.

ವರ್ಷಗಳಾದವು. ಗುಳಿಗೆ ಹೋಗಿ ಇನ್ಸುಲಿನ್ ಬಂದ ಮೇಲೆ ಬಲಗಣ್ಣಿನ ಆಪರೇಷನ್ ಆಯಿತು. ಪೊರೆ ತೆಗೆದರು, ಹಿಂದಿನ ಪರದೆ ಅಷ್ಟರಲ್ಲಿ ಕೆಟ್ಟಿತ್ತು. ಪಟ್ಟಿ ಬಿಚ್ಚಿದಾಗ, "ಬೆಳಕು ಕಾಣತ್ತೆ ಅಕ್ಕಾ, ಆದ್ರೆ ನೀವು ಕಾಣಲ್ಲ" ಎಂದಳು. ಅದರಲ್ಲಿ ನನ್ನ ರೊಟ್ಟಿಯ ಪಾಲು ಎಷ್ಟು, ಕಾಯಿಲೆಯ ಪಾಲು ಎಷ್ಟು, ಆಮೇಲೆ ತಿಂದ ಅನ್ನದ ಪಾಲು ಎಷ್ಟು ಎಂದು ಹಂಚಿ ಕೊಡುವ ಡಾಕ್ಟರಿಲ್ಲ. ಇದ್ದಿದ್ದರೆ ನಾನು ಅವರ ಹಿಂದೆ ಅವಿತುಕೊಳ್ಳುತ್ತಿದ್ದೆ. ಆ ಅನ್ನಕ್ಕೆ ಅವಳನ್ನು ತಂದು ಕೂರಿಸಿದವಳು ನಾನೇ. ಆದ್ದರಿಂದ ಎಲ್ಲ ಪಾಲೂ ನನ್ನದು.

ಈಗ ಎಡಗಣ್ಣು ಉಳಿದಿದೆ. ಅದರ ಪರದೆ ಇನ್ನೂ ಪರವಾಗಿಲ್ಲವಂತೆ. ಕಣ್ಣಿನ ಆಸ್ಪತ್ರೆಯ ಹೊಸ ಡಾಕ್ಟರು, ಚಿಕ್ಕ ಹುಡುಗಿ, ಅವಳ ಕೈ ಹಿಡಿದುಕೊಂಡು, "ಆಂಟಿ, ಶುಗರ್ ಇಳಿಸಿ, ಈ ಕಣ್ಣು ಚೆನ್ನಾಗಿ ಬರತ್ತೆ. ತಡ ಮಾಡ್ಬೇಡಿ. ಅನ್ನ ಬಿಟ್ಟು ನೋಡಿ, ಬೇಗ ಇಳಿಯತ್ತೆ" ಎಂದಳು. ವತ್ಸಲಾ ನಕ್ಕಳು. "ನೋಡಿಯಾಯ್ತಮ್ಮಾ. ನನ್ನ ಮೈಗೆ ಅದು ಹಿಡಿಯಲ್ಲ. ನನಗೆ ವಿಲ್ ಪವರ್ ಇಲ್ಲ."

ಅದನ್ನು ಅವಳ ಬಾಯಿಂದಲೇ ಕೇಳಿದೆ! ನಾವು ಇಷ್ಟು ಜನ ಸೇರಿ ಅವಳ ಬಾಯಲ್ಲೇ ಆ ಮಾತನ್ನು ಹಾಕಿಬಿಟ್ಟಿದ್ದೆವು. ಅವಳ ಮೈ ಅವಳ ಮಾತು ಕೇಳಿತ್ತು. ಅಕ್ಷರಶಃ ಕೇಳಿತ್ತು. ಮುರಿದ ರೊಟ್ಟಿ ತಿಂದಾಗ ಸಕ್ಕರೆ ಇಳಿಯಿತು, ಅಕ್ಕಿ ತಿಂದಾಗ ಏರಿತು. ಇದಕ್ಕಿಂತ ಪ್ರಾಮಾಣಿಕವಾದ ಮೈ ಇದೆಯೆ? ಈ ಮನೆಯಲ್ಲಿ ಸುಳ್ಳು ಹೇಳದೆ ಇದ್ದದ್ದು ಅದೊಂದೇ. ಅವಳು ಅದನ್ನೇ ಅನುಮಾನಿಸಿ ಕೂತಿದ್ದಾಳೆ.

ಪದ್ಮಾವತಿಯವರೇ, ನೀವು ಕೇಳಿದ ಆರ್ಟಿಕಲ್ ಇದೇ. ಬಿದ್ದ ಮೇಲೆ ಮೋಟಿವೇಷನ್ ಹೇಗೆ ಎಂದಿರಿ. ನನಗೆ ಗೊತ್ತಿರುವುದು ಇಷ್ಟು: ಬಿದ್ದವರಿಗೆ ಉಪದೇಶ ಹೇಳುವ ಮೊದಲು ಅವರನ್ನು ಯಾರು ತಳ್ಳಿದರೆಂದು ನೋಡಿ. ಕೆಲವರು "ಒಂದು ದಿನಕ್ಕೇನಾಗತ್ತೆ, ತಗೊಳ್ಳಿ" ಎಂದು ಎಲ್ಲರೆದುರು ತಳ್ಳುತ್ತಾರೆ. ಕೆಲವರು ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು. ಇಬ್ಬರೂ ಅದಕ್ಕೆ ಪ್ರೀತಿ ಎಂದೇ ಹೆಸರಿಡುತ್ತಾರೆ. ಹೆಸರು ಹಾಕಬೇಡಿ ಎಂದಿರಿ — ಅವಳ ಹೆಸರು ಹಾಕಿದ್ದೇನೆ. ಅಚ್ಚು ಹಾಕುವಾಗ ನನ್ನ ಹೆಸರನ್ನೂ ನೀವೇ ಪೂರ್ತಿ ಹಾಕಿ.

ಆದರೆ ಇದು ನಿಮಗೆ ತಲುಪುವ ಮೊದಲು ಇನ್ನೊಂದು ಕೆಲಸವಿದೆ. ವತ್ಸಲಾ ಈಗ ಅಚ್ಚಿನ ಅಕ್ಷರ ಓದಲಾರಳು. ಪೇಪರು, ಪತ್ರ, ಔಷಧಿಯ ಚೀಟಿ — ಎಲ್ಲವನ್ನೂ ನಾನೇ ಓದಿ ಹೇಳುವುದು. ಓದುವಾಗ ನಾನು ಬಿಡುತ್ತೇನೆ. ಸಾವಿನ ಸುದ್ದಿ, ಅವಳಿಗೆ ಬೇಸರವಾದೀತು ಅನ್ನಿಸಿದ ಸಾಲು, ನನಗೆ ಇಷ್ಟವಿಲ್ಲದ ಸಾಲು. ಅವಳಿಗೆ ಗೊತ್ತಾಗುವುದಿಲ್ಲ. ಅಂದರೆ ಈ ಬರಹ ಅಚ್ಚಾಗಿ, ಇಡೀ ಬಡಾವಣೆ ಓದಿ, ನನಗೆ ಛೀಮಾರಿ ಹಾಕಿದರೂ, ನಾನು ಬಾಯಿಬಿಡದಿದ್ದರೆ ಅವಳೊಬ್ಬಳಿಗೆ ಗೊತ್ತಾಗದೆ ಹೋಗಬಹುದು. ಊರಿಗೆಲ್ಲ ತಪ್ಪೊಪ್ಪಿಕೊಂಡು ಅವಳೊಬ್ಬಳಿಗೆ ಮುಚ್ಚಿಡಬಹುದು. ನನ್ನಂಥವಳಿಗೆ ಅದೂ ಸಾಧ್ಯ. ಶಾಲೆಯಲ್ಲಿ ಕ್ರಿಶ್ಚಿಯನ್ ಹುಡುಗಿಯರು ಚರ್ಚಿನ ಪರದೆಯ ಆಚೆ ಹೋಗಿ ಪಾದ್ರಿಗೆ ತಮ್ಮ ತಪ್ಪು ಒಪ್ಪಿಸಿ, ಕನ್ಫೆಷನ್ ಹೇಳಿ ನಗುತ್ತಾ ಹೊರಗೆ ಬರುವುದನ್ನು ಕಂಡು ನಾನು ಹೊಟ್ಟೆಕಿಚ್ಚು ಪಡುತ್ತಿದ್ದೆ. ನನಗೆ ಪರದೆ ಬೇಡ. ಎದುರಿಗೆ ಕೂತು ಓದಬೇಕು.

ಅವಳು ಕ್ಷಮಿಸುತ್ತಾಳೋ, ಚಾಪೆ ದಿಂಬು ಎತ್ತಿಕೊಂಡು ಬೇರೆ ಕಡೆ ಹೊರಟುಬಿಡುತ್ತಾಳೋ ನನಗೆ ತಿಳಿಯದು. ಹೊರಟರೆ ತಡೆಯುವ ಬಾಯಿ ನನಗಿಲ್ಲ. ಇದ್ದರೆ, ಅವಳು ಒಪ್ಪಿದರೆ, ನಾಳೆ ಅವಳನ್ನು ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂರಿಸುತ್ತೇನೆ. ಬಾದಾಮಿ ಹಿಟ್ಟಿನ ಪೊಟ್ಟಣ ಅವಳ ಕೈಗೇ ಕೊಡುತ್ತೇನೆ, ಅವಳೇ ಮುಟ್ಟಿ ನೋಡಿ ಸುರಿಯಲಿ. ಅಕ್ಕಿ ಹಿಟ್ಟಿನ ಡಬ್ಬಿ ಕೂಡ ಅವಳ ಮಡಿಲಲ್ಲೇ ಇರಲಿ. ರೊಟ್ಟಿ ಮುರಿಯುತ್ತದೆ. ಮುರಿಯಲಿ.

ಜಗಲಿಯಿಂದ ಕೂಗುತ್ತಿದ್ದಾಳೆ: "ಬೆಳಿಗ್ಗೆಯಿಂದ ಅದೇನು ಬರೀತಿದೀರಿ ಅಕ್ಕಾ? ಮುಗೀತಾ? ತಗೊಂಡ್ಬನ್ನಿ, ಓದಿ. ಕೇಳೋಣ."

ಮುಗಿಯಿತು ವತ್ಸಲಾ. ಬರುತ್ತಿದ್ದೇನೆ. ಇವತ್ತು ಒಂದು ಸಾಲನ್ನೂ ಬಿಡುವುದಿಲ್ಲ.